ಅಕ್ಕಾರು ಬರೆಯದ ಉತ್ತರ

ಸುಟ್ಟ ಕಲೆಯ ಮಾತು ಬಂದದ್ದೇ ತಡ, ಲಕ್ಕವ್ವನ ಕೈಯಲ್ಲಿದ್ದ ಲಾಳಿ ಜಾರಿ, ಅವಳು ಕಾಲು ಇಳಿಬಿಟ್ಟು ಕುಳಿತಿದ್ದ ಮಗ್ಗದ ಕುಣಿಯೊಳಗೆ ಬಿತ್ತು.

“ಇನ್ನೊಮ್ಮೆ ಓದ್ರಿ ಅಕ್ಕಾರ,” ಎಂದಳು.

ಜಯಶ್ರೀ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜೊಂದರ ಹುಡುಗರಿಗೆ ಕಂಪ್ಯೂಟರ್ ಕಲಿಸುವವಳು ಅವಳು; ಪಾಠ ಹೇಳುವವಳಾದ್ದರಿಂದ ಇಲ್ಲಿಯವರ ಬಾಯಲ್ಲಿ ‘ಅಕ್ಕಾರು’. ಈ ಪತ್ರ ನೋಡಲು ಪೊಲೀಸರೇ ಅವಳನ್ನು ಇಳಕಲ್ಲಿಗೆ ಕರೆಸಿದ್ದರು. ಇಂಗ್ಲಿಷಿನಲ್ಲಿದ್ದ ಈ-ಮೇಲನ್ನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸುತ್ತ ಮತ್ತೆ ಓದಿದಳು.

“‘ನಿಮ್ಮ ಮನೆಯಲ್ಲಿ ನೂರು ವರ್ಷದ ಹಳೆಯ ಇಳಕಲ್ ಸೀರೆ ಇದೆಯೆಂದು ತಿಳಿದು ಸಂತೋಷವಾಯಿತು. ಕೆಂಪು ಸೆರಗಿನ ಮಡಿಕೆಯಲ್ಲಿ ಅವರೆಕಾಳಿನಷ್ಟು ಸುಟ್ಟ ಕಲೆ ಇರುವ ಸೀರೆ ಅದೇ ಎಂದು ನಂಬಿದ್ದೇವೆ. ಫೆಬ್ರವರಿ ಹನ್ನೊಂದರಂದು ನಮ್ಮವರೊಬ್ಬರು ಬಾದಾಮಿಗೆ ಬರುತ್ತಾರೆ. ಸೀರೆಯನ್ನು ಅವರ ಕೈಗೆ ಕೊಡಿ. ಲಂಡನ್ನಿನ ನಮ್ಮ ಸಂಗ್ರಹಾಲಯದಲ್ಲಿ ನಿಮ್ಮ ಮನೆತನದ ಹೆಸರು ಬರೆದು ಅದನ್ನು ಇಡುತ್ತೇವೆ.’ ಕೆಳಗ ಮಾರ್ಗರೆಟ್ ಬೆಲ್ ಅಂತ ಹೆಸರೈತಿ.”

ನೇಕಾರ ಶಿವಪುತ್ರ ಆ ಸೀರೆಯನ್ನು ಕೈಚೀಲದಲ್ಲಿಟ್ಟುಕೊಂಡು ಬಾದಾಮಿಯ ಬಸ್ಸು ಹತ್ತಿ ಇಂದಿಗೆ ಒಂಬತ್ತು ದಿನ. ಅವನೂ ಇಲ್ಲ, ಸೀರೆಯೂ ಇಲ್ಲ.

“ಆ ಕಲಿ ನನ್ನ ಕೈಲೆ ಆದದ್ದರಿ,” ಎಂದಳು ಲಕ್ಕವ್ವ. “ಮದುವ್ಯಾಗಿ ಬಂದ ಹೊಸದಾಗಿ ಅತ್ತಿ ಆ ಸೀರಿ ಉಡಿಸಿದ್ಲು. ದೇವರ ಮುಂದ ದೀಪ ಹಚ್ಚಾಕ ಹೋದೆ, ಕಿಡಿ ಸಿಡೀತು. ಅತ್ತಿ ಬೈತಾಳಂತ ಅಂಜಿ ಮಡಿಚಿ ಇಟ್ಟಬಿಟ್ಟೆ. ಇಪ್ಪತ್ತೆರಡ ವರ್ಷ ಆತು. ನಮ್ಮನಿಯವರಿಗೂ ಹೇಳಿಲ್ಲ.”

“ಮತ್ತ ಯಾರಿಗೆ ಹೇಳಿದ್ದೀ?”

ಕೇಳಿದ್ದು ಫೌಜದಾರ ಮಲಕಪ್ಪ. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ನೂಲಿನ ಗಂಟುಗಳ ನಡುವೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಐವತ್ತು ದಾಟಿದ ಮನುಷ್ಯ. ಕೂಗಾಡುವ ಪೈಕಿ ಅಲ್ಲ. ಆದರೆ ಒಮ್ಮೆ ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ಕಣ್ಣು ತೆಗೆಯುತ್ತಿರಲಿಲ್ಲ.

ಲಕ್ಕವ್ವನ ನೋಟ ಮೆಲ್ಲಗೆ ಬಾಗಿಲ ಕಡೆ ತಿರುಗಿತು.

ಬಾಗಿಲ ಚೌಕಟ್ಟಿಗೆ ಒರಗಿ ಅವಳ ತಮ್ಮ ಹುಚ್ಚೇಶ ನಿಂತಿದ್ದ. ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನು. ಭಾವ ಕಾಣೆಯಾದ ದಿನದಿಂದ ಅಕ್ಕನ ಮನೆಗೆ ಹಾಲು, ಕಾಯಿಪಲ್ಯ ತಂದು ಹಾಕುತ್ತ, ಠಾಣೆಗೆ ಓಡಾಡುತ್ತ, ಓಣಿಯವರೆಲ್ಲ ಹೊಗಳುವಂತೆ ನಡೆದುಕೊಂಡವನು.

“ಯಕ್ಕಾ, ನನ್ನ ಯಾಕ ನೋಡ್ತೀ?” ಎಂದ.

“ನಿನ್ನ ಮುಂದ ಒಬ್ಬಾತನ ಮುಂದ ಹೇಳಿದ್ದೆ. ಅವತ್ತ ತವರಮನಿಗಿ ಬಂದಾಗ ಅಳಕೋತ ಹೇಳಿದ್ದೆ. ನೀ ನಕ್ಕಿದ್ದಿ.”

ಪಕ್ಕದ ಮನೆಯ ಮಗ್ಗದ ಸಪ್ಪಳ ಗೋಡೆ ದಾಟಿ ಬರುತ್ತಿತ್ತು.

ಆ ಪತ್ರ ಲಂಡನ್ನಿನದಲ್ಲ ಎಂಬುದು ನಿನ್ನೆಯೇ ಗೊತ್ತಾಗಿತ್ತು. ಲಕೋಟೆಯ ಮೇಲೆ ಅಂಚೆಯ ಮುದ್ರೆ ಬಿದ್ದ ಹಾಗೆ ಪ್ರತಿ ಈ-ಮೇಲಿನ ಬೆನ್ನಿಗೂ ಅಂಕಿಗಳ ಒಂದು ಸಾಲು ಅಂಟಿಕೊಂಡು ಬರುತ್ತದೆ. ಯಾವ ತಂತಿಯಿಂದ, ಎಷ್ಟು ಗಂಟೆಗೆ ಹೊರಟಿತು ಎಂದು ಅದು ಹೇಳುತ್ತದೆ. ಸುಮ್ಮನೆ ಓದುವವರಿಗೆ ಅದು ಕಾಣುವುದಿಲ್ಲ, ಬಿಚ್ಚಿ ನೋಡಬೇಕು. ಶಿವಪುತ್ರನ ಪಾಸ್‌ವರ್ಡ್ ಗೊತ್ತಿರಲಿಲ್ಲ; ಅವನು ಫ್ಲಾಪಿಗೆ ಇಳಿಸಿ ಮನೆಯಲ್ಲಿಟ್ಟಿದ್ದ ಆ ಒಂದೇ ಪತ್ರವನ್ನು ಜಯಶ್ರೀ ಬಿಚ್ಚಿ ನೋಡಿದ್ದಳು. ಮಲಕಪ್ಪ ಆ ಅಂಕಿಗಳನ್ನು ಟೆಲಿಫೋನ್ ಆಫೀಸಿಗೆ ಬರೆದು ಕೇಳಿದ್ದರು. ಬಂದ ಉತ್ತರ ಇಷ್ಟೇ: ಪತ್ರ ಹೊರಟದ್ದು ಇಳಕಲ್ಲಿನಿಂದಲೇ, ಮುತ್ತುರಾಜನ ಇಂಟರ್ನೆಟ್ ಅಂಗಡಿಯಿಂದ, ಜನವರಿ ಇಪ್ಪತ್ತೆಂಟರ ಮಧ್ಯಾಹ್ನ ಮೂರು ಗಂಟೆಗೆ.

ಮುತ್ತುರಾಜನ ರಜಿಸ್ಟರಿನಲ್ಲಿ ಆ ಹೊತ್ತಿಗೆ ಬರೆದಿದ್ದ ಹೆಸರು ‘ಶಿವಪುತ್ರ’. ಅದೂ ಇಂಗ್ಲಿಷಿನಲ್ಲಿ. ಆದರೆ ಶಿವಪುತ್ರ ಬೇರೆ ಎಲ್ಲ ದಿನವೂ ದುಂಡಗಿನ ಕನ್ನಡದಲ್ಲೇ ಸಹಿ ಮಾಡಿದ್ದ. ಮುತ್ತುರಾಜ ಆಗ ಊಟಕ್ಕೆ ಹೋಗಿದ್ದನಂತೆ. ಕುಳಿತವರನ್ನು ನೋಡಿದವರಿಲ್ಲ.

ಮಲಕಪ್ಪ ಎದ್ದು ನಿಂತರು. “ಹುಚ್ಚೇಶಾ, ಒಳಗ ಬಾ. ಕುಂದ್ರು.”

“ಸಾಹೇಬ್ರ, ನನಗ ಇಂಗ್ಲಿಷ್ ಬರೂದಿಲ್ರಿ. ಹತ್ತನೇತ್ತಾ ಫೇಲ್ ಆದಾಂವ ನಾ. ಇಂಥಾ ಪತ್ರ ನಾ ಹೆಂಗ ಬರೀಲ್ರಿ?”

“ಬರಿಯಾಕ ಬರೂದಿಲ್ಲ, ಖರೆ,” ಎಂದಳು ಜಯಶ್ರೀ. “ನೋಡಿ ಬಡಿಯಾಕ ಬರ್ತೈತಲ್ಲ? ರಜಿಸ್ಟರ್ ನೋಡಿದ್ರ, ಎಂಟ ಸಾಲಿನ ಪತ್ರಕ್ಕ ನಲವತ್ತ ಮಿನಿಟ್ ಕುಂತಾರ. ಇಂಗ್ಲಿಷ್ ಬಲ್ಲವರು ಐದ ಮಿನಿಟಿನ್ಯಾಗ ಎದ್ದ ಹೋಗ್ತಿದ್ರು. ಒಂದೊಂದ ಅಕ್ಷರ ಹುಡುಕಿ ಹುಡುಕಿ ಬಡದವರದು ಇದು.”

“ಯಾರರ ಬಡದಿರಬೇಕು.”

“ಆ ಸುಟ್ಟ ಕಲಿ ಯಾರಿಗೆ ಗೊತ್ತೈತಿ? ನಿಮ್ಮಕ್ಕಗ, ನಿಮಗ. ಇಬ್ಬರಿಗೆ.”

ಹುಚ್ಚೇಶ ಅಕ್ಕನ ಮುಖ ನೋಡಿದ. ಅವಳು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು. ಬಾಗಿಲ ಬಳಿಯೇ ಕುಸಿದು ಕುಳಿತ.

“ಬದಾಮಿ ಲಾಡ್ಜಿಗೆ ಹಳೇ ಸಾಮಾನ ಕೊಳ್ಳಾಂವ ಒಬ್ಬಾಂವ ಬಂದಿದ್ದರಿ. ಮಾಮಾನ ಸೀರಿ ಸುದ್ದಿ ಕೇಳಿದ್ದ. ಅಂಥಾ ತೋಪತೆನಿ ಸೆರಗ, ಕೆಂಪಿನ್ಯಾಗ ಬಿಳೇ ತೆನಿ ಬರೂದು, ಈಗ ಯಾರೂ ನೇಯೂದಿಲ್ಲ, ಹೆಂಗರ ಮಾಡಿ ಕೊಡಸು ಅಂದ. ನಾ ಮೂರ ಸಲ ಮಾಮಾನ್ನ ಕೇಳಿದೆ. ಅಜ್ಜಿ ನೇಯ್ದ ಸೀರಿ, ಅದರ ಮ್ಯಾಲೆ ಕಣ್ಣ ಹಾಕಬ್ಯಾಡ ಅಂತ ಬೈದ ಕಳಿಸಿದ.”

“ಆಮ್ಯಾಲೆ?”

“ಆ ಮನಿಶ್ಯಾ ಇಂಗ್ಲಿಷ್‌ನ್ಯಾಗ ಬರದ ಕೊಟ್ಟರಿ. ನಂಬಿಕಿ ಬರೂ ಹಂಗ ಒಂದ ಗುರುತ ಹೇಳು ಅಂದ. ನಾ ಕಲಿ ಹೇಳಿದೆ. ನಾನಽ ಕುಂತ ಬಡದೆ. ಮಾಮಾ ಬದಾಮಿಗೆ ಬಂದ, ಸೀರಿ ಕೊಟ್ಟ, ಒಂದ ಸುಳ್ಳ ರಸೀದಿ ತಗೊಂಡ ಮನಿಗಿ ಬರ್ತಾನ, ಇಷ್ಟಽ ಅಂತ ತಿಳಿದಿದ್ದೆ. ಅವರ ಮೈಗೆ ಕೈ ಹಚ್ಚೂ ವಿಚಾರ ಇರಲಿಲ್ರಿ. ಬನಶಂಕರಿ ಆಣಿ.”

ಲಕ್ಕವ್ವ ಕುಣಿಯಿಂದ ಮೇಲೆದ್ದು ಬಂದಳು. ಹೊಡೆಯುತ್ತಾಳೆಂದು ಜಯಶ್ರೀ ಅಂದುಕೊಂಡಳು. ಹೊಡೆಯಲಿಲ್ಲ.

“ತಮ್ಮಾ, ಮೊನ್ನೆ ಮಂಗಳಾರ ನನ್ನ ಬನಶಂಕರಿಗೆ ಕರಕೊಂಡ ಹೋಗಿದ್ಯಲ್ಲ? ಮಾಮಾ ತಿರುಗಿ ಬರ್ಲಿ ಅಂತ ನೀನಽ ಕಾಯಿ ಒಡದ್ಯಲ್ಲೋ. ತಾಯಿ ಮುಂದ ನಿಂತ ಏನಂತ ಬೇಡಿಕೊಂಡಿ?”

ಹುಚ್ಚೇಶ ಮುಖ ಮುಚ್ಚಿಕೊಂಡ.

“ಅದನ್ನಽ ಬೇಡಿಕೊಂಡೆನಕ್ಕಾ. ಖರೇನಽ ಬೇಡಿಕೊಂಡೆ. ಯಾಕಂದ್ರ ಮಾಮಾ ಎಲ್ಲಿ ಹ್ವಾದ ಅಂತ ನನಗೂ ಗೊತ್ತಿಲ್ಲ!”

ಮಲಕಪ್ಪ ಒಂದು ಹೆಜ್ಜೆ ಮುಂದೆ ಬಂದರು. “ಏನಂದಿ?”

“ಅವತ್ತ ನಾ ಮುಂಜಾನಿಂದ ಬದಾಮಿ ಬಸ್‌ಸ್ಟ್ಯಾಂಡಿನ್ಯಾಗ ಇದ್ದೆನ್ರಿ, ಮರಿಗಿ ನಿಂತು. ಇಳಕಲ್ ಬಸ್ಸ ಬಂತು. ಎಲ್ಲಾರೂ ಇಳದ್ರು. ಮಾಮಾ ಇಳೀಲಿಲ್ಲ. ಮುಂದಿನ ಬಸ್ಸ ಬಂತು, ಅದರಾಗೂ ಇಲ್ಲ. ಹೊತ್ತ ಮುಣಗೂ ತನಕ ಎಲ್ಲಾ ಬಸ್ಸ ನೋಡಿದೆ. ಲಾಡ್ಜಿನಾಂವ ನನಗಽ ಬೈದು, ಮಾರನೇ ದಿನ ರೂಮ ಖಾಲಿ ಮಾಡಿ ಹ್ವಾದ. ನಾ ಬಾಯಿ ಬಿಟ್ರ ನನ್ನಽ ಹಿಡೀತಾರಂತ ಸುಮ್ಮನಾದೆ.”

“ಒಂಬತ್ತ ದಿನ ಸುಮ್ಮನಾದಿ. ಭೇಷ್.” ಮಲಕಪ್ಪ ಹೊರಗಿದ್ದ ಪೇದೆಯನ್ನು ಕರೆದರು. “ಇವನ್ನ ಜೀಪಿನ್ಯಾಗ ಕುಂಡ್ರಸು.”

ಅವನು ಹೇಳಿದ್ದು ನಿಜವೆಂದು ಜಯಶ್ರೀಯ ಮನಸ್ಸು ಹೇಳುತ್ತಿತ್ತು. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಬಲೆ ಬೀಸಿದವನು ಬಾದಾಮಿಯಲ್ಲಿ ಬರಿಗೈಯಲ್ಲಿ ಕಾದು ಕುಳಿತಿದ್ದರೆ, ಮೀನು ಯಾವ ಬಲೆಗೆ ಬಿತ್ತು?

“ಬಸ್ಸ ಹತ್ತಿದ್ದ ನೋಡಿದವರದಾರ,” ಎಂದರು ಮಲಕಪ್ಪ ತಮ್ಮಷ್ಟಕ್ಕೆ. “ಬದಾಮಿಯೊಳಗ ಇಳದಿಲ್ಲ. ನಡುವ ಎಲ್ಲಿ ಹ್ವಾದ ಈ ಮನಿಶ್ಯಾ?”

ಆಗ ಲಕ್ಕವ್ವ ತೀರ ಸಹಜವಾಗಿ ಒಂದು ಮಾತು ಹೇಳಿದಳು.

“ಅವರು ಬದಾಮಿಗೆ ಹೋಗಾಕಂತ ಹೊಂಟಿದ್ದಿಲ್ರಿ.”

ಇಬ್ಬರೂ ಅವಳ ಕಡೆ ತಿರುಗಿದರು.

“ಆ ಪತ್ರ ಬಂದ ದಿನಾನಽ ಅವರಿಗೆ ಅನುಮಾನ ಬಂದಿತ್ರಿ. ಸೀರಿ ಬಿಚ್ಚಿ ನೋಡಿದ್ರು, ಕಲಿ ಕಂಡ್ರು. ‘ನನ್ನ ಮನಿಯಾನ ಕಲಿ ನನಗ ಗೊತ್ತಿಲ್ಲ, ಲಂಡನ್ನಿನಾಕಿಗಿ ಹೆಂಗ ಗೊತ್ತಾತು? ಅಕ್ಕಾರ್ನ ಕೇಳತೇನಿ’ ಅಂದ್ರು. ಬರದ ಕೇಳಿದ್ರು. ಅಕ್ಕಾರು ಉತ್ತರಾನೂ ಬರದ್ರು.”

“ಯಾವ ಅಕ್ಕಾರು?” ಎಂದಳು ಜಯಶ್ರೀ.

ಲಕ್ಕವ್ವ ಬೆರಗಾಗಿ ಅವಳನ್ನು ನೋಡಿದಳು.

“ನೀವಽ ಅಲ್ಲೇನ್ರಿ?”

ಜಯಶ್ರೀಯ ಕೈಯಲ್ಲಿದ್ದ ಕಾಗದ ಕೆಳಗೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ.

“ನಾ ಬರದಿಲ್ಲ ಲಕ್ಕವ್ವ. ನನಗ ಅವರಿಂದ ಏನೂ ಬಂದಽ ಇಲ್ಲ.”

“ಅಲ್ರಿ ಅಕ್ಕಾರ! ‘ಅಕ್ಕಾರ ಬರದಾರ, ಬದಾಮಿಗೆ ಹೋಗಬ್ಯಾಡ್ರಿ ಅಂದಾರ, ಆದ್ರ ಊರಾಗ ಬದಾಮಿಗೆ ಹೊಂಟೇನಿ ಅಂತಽ ಹೇಳು, ಯಾರ ಮುಂದೂ ಬಾಯಿ ಬಿಡಬ್ಯಾಡ’ ಅಂತ ನನ್ನ ಕಡಿಂದ ಆಣಿ ತಗೊಂಡ ಹ್ವಾದ್ರು. ಆಮ್ಯಾಲೆ ಪೊಲೀಸರ ಜೋಡಿ ನೀವಽ ಬಂದ್ರಿ. ಎಲ್ಲಾ ನಿಮಗ ಗೊತ್ತಿದ್ದಽ ಐತಿ, ಏನೋ ಹೂಟ ಹಾಕ್ಯಾರ, ಹೇಳಬ್ಯಾಡ ಅಂದದ್ದಕ್ಕ ಕೇಳವಲ್ಲರು ಅಂತ ನಾ ಸುಮ್ಮನಿದ್ದೆ. ಇಷ್ಟ ದಿನ ನಿಮ್ಮ ಮಾರಿ ನೋಡಿ ಧೈರ್ಯಾ ತಗೊಂಡೇನಿ ನಾ!”

ಮಲಕಪ್ಪ ಟೋಪಿ ಹಾಕಿಕೊಂಡರು.

ಕಳೆದ ಡಿಸೆಂಬರಿನಲ್ಲಿ ಜಯಶ್ರೀ ಇಳಕಲ್ಲಿಗೆ ಬಂದು ನೇಕಾರರಿಗೆ ಹತ್ತು ದಿನ ಕಂಪ್ಯೂಟರ್ ಕಲಿಸಿದ್ದಳು. ಇಪ್ಪತ್ತು ಜನರಲ್ಲಿ ಎಲ್ಲರಿಗಿಂತ ಹಿರಿಯ ಶಿವಪುತ್ರ. ಮಗ್ಗದ ಮೇಲೆ ಕೂದಲೆಳೆಯಂಥ ನೂಲು ಕೂಡಿಸುವ ಬೆರಳು ಕೀಲಿಮಣೆಯ ಮೇಲೆ ತಡವರಿಸುತ್ತಿತ್ತು. ಆದರೂ ಅವನು ಬಿಡಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವುದನ್ನು ಕಲಿತೇ ಹೋದ.

ಕೊನೆಯ ದಿನ ಅವಳು ಕರಿಹಲಗೆಯ ಮೇಲೆ ತನ್ನ ಈ-ಮೇಲ್ ವಿಳಾಸ ಬರೆದು ಹೇಳಿದ್ದಳು: ಗುರುತಿಲ್ಲದವರ ಪತ್ರ ಬಂದರೆ ಉತ್ತರ ಬರೆಯಬೇಡಿ, ಅದರೊಳಗಿನ ಫೈಲು ತೆರೆಯಬೇಡಿ, ಅಳಿಸಲೂ ಬೇಡಿ, ಇದ್ದ ಹಾಗೆಯೇ ನನಗೆ ಕಳಿಸಿ, ನಾನು ನೋಡಿ ಹೇಳುತ್ತೇನೆ.

ಶಿವಪುತ್ರ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಈಗ ಲಕ್ಕವ್ವ ಗೂಡಿನಿಂದ ತೆಗೆದುಕೊಟ್ಟ ಆ ನೋಟ್‌ಬುಕ್ಕಿನಲ್ಲಿ ಜಯಶ್ರೀಯ ಮಾತು ಒಂದಕ್ಷರ ತಪ್ಪದೆ ಇತ್ತು. ಅವಳ ವಿಳಾಸವಿತ್ತು. ಅದರ ಕೆಳಗೆ, ಮರೆತೀತೆಂದು, ಅವನ ಸ್ವಂತ ಪಾಸ್‌ವರ್ಡೂ ಇತ್ತು.

ಮುತ್ತುರಾಜನ ಅಂಗಡಿ ಎರಡು ಓಣಿ ಆಚೆ. ಮೂವರೂ ನಡೆದೇ ಹೋದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಲಕ್ಕವ್ವ ಹಿಂದೆ ಬರುತ್ತಿದ್ದಳು. ಮುತ್ತುರಾಜ ಫೌಜದಾರರನ್ನು ಕಂಡ ಕೂಡಲೆ ಇದ್ದ ಒಬ್ಬ ಗಿರಾಕಿಯನ್ನು ಎಬ್ಬಿಸಿ ಕಳಿಸಿದ.

ಜಯಶ್ರೀ ತನ್ನ ಈ-ಮೇಲ್ ತೆರೆದಳು. ಬಂದ ಪತ್ರಗಳಲ್ಲಿ ಶಿವಪುತ್ರನ ಹೆಸರಿಲ್ಲ. ಅದು ಅವಳಿಗೆ ಮೊದಲೇ ಗೊತ್ತಿತ್ತು. ಬಾಣವನ್ನು ಎಡಗಡೆಯ ಪಟ್ಟಿಯ ಮೇಲೆ ಕೆಳಗಿಳಿಸಿದಳು. ಕಸದ ಪತ್ರಗಳು ಬಂದು ಬೀಳುವ ‘ಬಲ್ಕ್’ ಎಂಬ ಕಪಾಟು. ಮುನ್ನೂರ ಹನ್ನೆರಡು ಪತ್ರ.

“ಇದೇನ್ರಿ?” ಎಂದರು ಮಲಕಪ್ಪ.

“ಲಾಟರಿ ಹತ್ತೇತಿ, ಔಷಧ ತಗೋರಿ ಅನ್ನೂ ಪತ್ರ ಎಲ್ಲಾ ಇಲ್ಲಿ ಬಂದ ಬೀಳತಾವ್ರಿ. ಯಾರೂ ತಗದ ನೋಡೂದಿಲ್ಲ.”

“ನೀವು?”

“ನಾನೂ ನೋಡಿಲ್ರಿ. ಮೂರ ವಾರ ಆತು.”

ಹೇಳುವಾಗ ಅವಳ ಮುಖಕ್ಕೆ ಯಾರೋ ಹೊಡೆದ ಹಾಗಾಯಿತು. ಊರವರಿಗೆಲ್ಲ ಕಣ್ಣಿಟ್ಟು ನೋಡಿ ಎಂದು ಹೇಳಿಕೊಟ್ಟವಳು ತನ್ನ ಮನೆಯ ಹಿತ್ತಲ ಬಾಗಿಲನ್ನೇ ನೋಡಿರಲಿಲ್ಲ.

ಪುಟ ಒಂದು. ಪುಟ ಎರಡು. ಹನ್ನೊಂದನೆಯ ಪುಟದಲ್ಲಿ ಆ ಹೆಸರಿತ್ತು. ಮೂರು ಸಲ ಇತ್ತು.

ಮೊದಲನೆಯದು ಜನವರಿ ಮೂವತ್ತರದು. ಲಂಡನ್ನಿನ ಪತ್ರವನ್ನು ಇದ್ದ ಹಾಗೆಯೇ ಕಳಿಸಿ ಮೇಲೆ ಎರಡು ಸಾಲು ಬರೆದಿದ್ದ: ‘ಅಕ್ಕಾರ, ಶಿವಪುತ್ರನ ನಮಸ್ಕಾರ. ನೀವು ಹೇಳಿದಂಗ ಉತ್ತರ ಬರದಿಲ್ಲ, ಅಳಿಸಿಲ್ಲ. ಇದು ಖರೇನೋ ಸುಳ್ಳೋ ನೋಡಿ ಹೇಳ್ರಿ.’

ಎರಡನೆಯದು ಫೆಬ್ರವರಿ ಮೂರರದು: ‘ಅಕ್ಕಾರ, ನಿಮಗ ಕೆಲಸ ಭಾಳ ಇರಬೇಕು. ಹನ್ನೊಂದನೇ ತಾರೀಖು ಹತ್ರ ಬಂತು. ಒಂದ ಸಾಲು ಬರದ್ರ ಸಾಕು.’

ಮೂರನೆಯದು ಫೆಬ್ರವರಿ ಒಂಬತ್ತರದು.

‘ಅಕ್ಕಾರ, ನಿಮ್ಮ ಉತ್ತರ ಮುಟ್ಟಿತು. ಮನಸ್ಸ ಹಗುರಾತು. ಇದಽ ವಿಳಾಸಕ್ಕ ಬರೀರಿ ಅಂತ ಹೊಸಾದು ಕೊಟ್ಟೀರಿ, ಆದ್ರ ನನಗ ನೀವು ಹಲಗಿ ಮ್ಯಾಲೆ ಬರದದ್ದಽ ರೂಢಿ, ಅದಕ್ಕ ಇಲ್ಲಿಗೂ ಬರದೇನಿ. ನೀವು ಹೇಳಿದಂಗಽ ಮಾಡತೇನಿ.’

“ಅಂವ ಎಲ್ಲಾ ಸರಿಯಾಗೇ ಮಾಡ್ಯಾನ,” ಎಂದಳು ಜಯಶ್ರೀ. “ನಾ ಹೇಳಿಕೊಟ್ಟದ್ದ ಒಂದೂ ಬಿಟ್ಟಿಲ್ಲ.”

ಹಾಗೆ ಹೇಳುತ್ತಿದ್ದಂತೆಯೇ ಅವಳಿಗೆ ಇನ್ನೊಂದು ಕಂಡಿತು.

ತೆರೆಯದ ಪತ್ರಗಳ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಒಮ್ಮೆ ತೆರೆದರೆ ತೆಳ್ಳಗಾಗುತ್ತದೆ. ಆ ಕಪಾಟಿನಲ್ಲಿದ್ದ ಮುನ್ನೂರ ಒಂಬತ್ತು ಕಸದ ಪತ್ರಗಳೂ ದಪ್ಪ ಅಕ್ಷರದಲ್ಲೇ ಇದ್ದವು. ಶಿವಪುತ್ರನ ಮೂರು ಪತ್ರಗಳ ಹೆಸರು, ಅವಳು ಕೈ ಹಚ್ಚುವ ಮೊದಲೇ, ತೆಳ್ಳಗಿತ್ತು.

ಯಾರೋ ಅವಳಿಗಿಂತ ಮೊದಲು ಅವುಗಳನ್ನು ಓದಿದ್ದರು. ಓದಿ, ಅವಳ ಕಣ್ಣಿಗೆ ಬೀಳದಂತೆ ಕಸದೊಳಗೆ ಹೂತಿಟ್ಟಿದ್ದರು.

ಅವಳ ಪಾಸ್‌ವರ್ಡ್ ಒಬ್ಬರಿಗೆ ಮಾತ್ರ ಗೊತ್ತಿತ್ತು. ವಿದ್ಯಾಗಿರಿಯ ಮನೆಯಲ್ಲಿ ಅವಳ ಜೊತೆಗೇ ಇರುವ ತಂಗಿ ಸುಮಾಗೆ. ಅವ್ವ ತೀರಿಕೊಂಡ ಮೇಲೆ ಜಯಶ್ರೀಯೇ ಸಾಕಿದ ಹುಡುಗಿ. ಅದೇ ಕಾಲೇಜಿನಲ್ಲಿ ಕೊನೆಯ ವರ್ಷದ ಡಿಗ್ರಿ. ಪಾಸ್‌ವರ್ಡೂ ಅವಳ ಹೆಸರೇ, ಮುಂದೆ ಅವಳು ಹುಟ್ಟಿದ ಇಸವಿ.

ಛೆ, ಅವಳಿಗೆ ಇದರಲ್ಲೇನು ಕೆಲಸ ಎಂದು ಜಯಶ್ರೀ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

“ಅಂವಗ ಬಂದ ಉತ್ತರ ನೋಡೂನ್ರಿ,” ಎಂದರು ಮಲಕಪ್ಪ.

ನೋಟ್‌ಬುಕ್ಕು ನೋಡಿ ಶಿವಪುತ್ರನ ಈ-ಮೇಲ್ ತೆರೆದರು. ಅಲ್ಲಿ ಬಂದಿದ್ದ ಪತ್ರಗಳೇ ಐದಾರು. ನಡುವೆ ಒಂದು ಜಯಶ್ರೀಯ ಹೆಸರಿನದು. ವಿಳಾಸದಲ್ಲಿ ಅವಳ ಹೆಸರಿನ ಕೊನೆಗೆ ಒಂದೇ ಒಂದು ಅಕ್ಷರ ಹೆಚ್ಚಿತ್ತು. ತರಗತಿಯಲ್ಲಿ ಹತ್ತೇ ದಿನ ಪಾಠ ಕೇಳಿದವನು ಅದನ್ನು ಗುರುತಿಸುವುದು ಸಾಧ್ಯವಿರಲಿಲ್ಲ.

ಮಲಕಪ್ಪ ಮುಂದೆ ಬಾಗಿ, ಇಂಗ್ಲಿಷ್ ಅಕ್ಷರದ ಕನ್ನಡವನ್ನು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು.

“‘ಶಿವಪುತ್ರ ಅವರ, ಲಂಡನ್ನಿನ ಪತ್ರ ಮೋಸದ್ದು. ಬದಾಮಿಗೆ ಹೋಗಬ್ಯಾಡ್ರಿ. ನಿಮ್ಮ ಸೀರಿ ಮ್ಯಾಲೆ ಕಣ್ಣಿಟ್ಟವರು ನಿಮ್ಮ ಮನಿ ಮಂದಿಯೊಳಗಽ ಅದಾರ. ಸೀರಿ ಮನಿಯಾಗ ಇಟ್ರ ಉಳಿಯೂದಿಲ್ಲ. ಹನ್ನೊಂದನೇ ತಾರೀಖ ಸೀರಿ ತಗೊಂಡ ಬದಾಮಿ ಬಸ್ಸ ಹತ್ರಿ, ಹುನಗುಂದದಾಗ ಇಳೀರಿ. ನಾ ಬರಾಕ ಆಗಲಿಲ್ಲಂದ್ರ ನಮ್ಮ ಮನಿಯಾಗಿನ ಒಬ್ಬರನ್ನ ಕಳಸ್ತೇನಿ. ಅವರ ಜೋಡಿ ಬರ್ರಿ. ಯಾರ ಮುಂದೂ ಹೇಳಬ್ಯಾಡ್ರಿ.’”

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಲಕ್ಕವ್ವ ಗೋಡೆ ಹಿಡಿದುಕೊಂಡಳು.

ಜಯಶ್ರೀ ಆ ಸಾಲುಗಳನ್ನು ತಾನೇ ಇನ್ನೊಮ್ಮೆ ಓದಿದಳು. ಆ ಪತ್ರದಲ್ಲಿ ಸುಳ್ಳೇ ಇರಲಿಲ್ಲವಲ್ಲ! ಲಂಡನ್ನಿನ ಪತ್ರ ಮೋಸದ್ದೇ. ಕಣ್ಣಿಟ್ಟವನು ಮನೆಯವನೇ. ಶಿವಪುತ್ರನನ್ನು ಕೆಡವಿದ್ದು ಅವನ ಆಸೆಯಲ್ಲ, ಎಚ್ಚರಿಕೆ. ಅಕ್ಕಾರ ಮೇಲಿನ ನಂ‌ಬಿಕೆಯನ್ನೇ ಗಾಳಕ್ಕೆ ಸಿಕ್ಕಿಸಿ ಎಳೆದಿದ್ದರು.

“ಬಿಚ್ಚಿ ನೋಡ್ರಿ ಅಕ್ಕಾರ,” ಎಂದರು ಮಲಕಪ್ಪ. “ಮೊದಲಿನ ಪತ್ರದಾಗ ನೋಡಿದ್ರಲ್ಲ, ಆ ಮುದ್ರಿ.”

ಅವಳು ಬಿಚ್ಚಿದಳು. ಪರದೆಯ ತುಂಬ ಇಂಗ್ಲಿಷ್ ಸಾಲುಗಳು ಇಳಿದವು. ಅಂಕಿಗಳ ಸಾಲು ಎಲ್ಲಿರುತ್ತದೆಂದು ಅವಳ ಕಣ್ಣಿಗೆ ಗೊತ್ತಿತ್ತು. ಹೊರಟ ದಿನ ಫೆಬ್ರವರಿ ಎಂಟು, ಮುಂಜಾನೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುಂಪು.

ಓದಿದಳು. ಮತ್ತೆ ಓದಿದಳು. ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು.

“ಯಾಕ್ರಿ, ಸುಮ್ಮನಾದ್ರಿ? ಮತ್ತ ಟೆಲಿಫೋನ್ ಆಫೀಸಿಗೆ ಬರೀಬೇಕೇನು?”

“ಬೇಕಾಗಿಲ್ರಿ.”

“ಯಾಕ?”

“ಈ ಅಂಕಿ ನನಗ ಬಾಯಿಪಾಠ ಐತ್ರಿ. ಹನ್ನೆರಡ ಕಂಪ್ಯೂಟರಿಗೆ ನಾನಽ ಕುಂತು ಹಾಕೇನಿ.” ಅವಳ ದನಿ ಅವಳಿಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. “ಇದು ನಮ್ಮ ಕಾಲೇಜಿಂದು. ನನ್ನ ಲ್ಯಾಬಿಂದು.”

ಮುತ್ತುರಾಜ ಬಾಯಿ ತೆರೆದವನು ಹಾಗೆಯೇ ನಿಂತ.

ಮಲಕಪ್ಪ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ನೋಡಿದರು. ತಿರುಗಿ ಬಂದು ಅವಳ ಎದುರಿಗೇ ಸ್ಟೂಲು ಎಳೆದುಕೊಂಡು ಕುಳಿತರು.

“ಎಂಟನೇ ತಾರೀಖು ಆದಿತ್ಯವಾರ ಬರ್ತೈತಿ. ಆದಿತ್ಯವಾರ ಲ್ಯಾಬ್ ತಗದಿರ್ತೈತೇನ್ರಿ?”

“ಇಲ್ರಿ.”

“ಕೀಲಿಕೈ?”

ಜಯಶ್ರೀಯ ಕಣ್ಣ ಮುಂದೆ ಆ ಆದಿತ್ಯವಾರ ಬಂದು ನಿಂತಿತು. ತಲೆಸ್ನಾನ ಮಾಡಿದ ಸುಮಾ, ಹೆಗಲ ಮೇಲೆ ಒದ್ದೆ ಕೂದಲು, ಚಾಚಿದ ಕೈ. ‘ಅಕ್ಕಾ, ಪ್ರಾಜೆಕ್ಟ್ ಕೆಲಸ ಉಳದೈತಿ, ಲ್ಯಾಬಿನ ಕೀಲಿ ಕೊಡು, ತಾಸಿನ್ಯಾಗ ಬರ್ತೇನಿ.’ ತಾನೇ ಪರ್ಸಿನಿಂದ ತೆಗೆದು ಕೊಟ್ಟಿದ್ದಳು. ಹನ್ನೊಂದೂವರೆಗೆ ತಿರುಗಿ ಬಂದ ಸುಮಾ ರೊಟ್ಟಿ ಮುರಿಯುತ್ತ ಕೇಳಿದ್ದಳು: ‘ಅಕ್ಕಾ, ಹುನಗುಂದಕ್ಕ ಮುಂಜಾನಿ ಬಸ್ಸು ಎಷ್ಟಕ್ಕೈತಿ?’ ಗೆಳತಿಯ ಊರಿರಬೇಕೆಂದು ಇವಳು ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದ್ದಳು.

ಹನ್ನೊಂದನೆಯ ತಾರೀಖು ಸುಮಾ ಮನೆಗೆ ಬಂದಾಗ ಹೊತ್ತು ಮುಳುಗಿತ್ತು. ಮೈಯೆಲ್ಲ ಧೂಳಾಗಿತ್ತು. ಊಟ ಬೇಡವೆಂದು ಮಲಗಿದ್ದಳು.

“ಅಕ್ಕಾರ, ಕೇಳಿದ್ನಿ. ಕೀಲಿಕೈ ಯಾರ ಹಂತೇಕ ಇತ್ತು?”

ಬಾಗಿಲಿನಿಂದ ಲಕ್ಕವ್ವ ಒಂದು ಹೆಜ್ಜೆ ಒಳಗೆ ಬಂದಳು. ಅಂಕಿಗಳ ಲೆಕ್ಕ ಅವಳಿಗೆ ತಿಳಿಯದು. ಇವರಿಬ್ಬರ ಮುಖ ಮಾತ್ರ ನೋಡುತ್ತಿದ್ದಳು. “ಅಕ್ಕಾರ, ಏನರ ಗೊತ್ತಾತೇನ್ರಿ? ನಮ್ಮನಿಯವರು ಜೀವಂತ ಅದಾರೇನ್ರಿ?”

ಒಂದು ಹೆಸರು ಸಾಕಿತ್ತು. ಅದು ಜಯಶ್ರೀಯ ನಾಲಗೆಯ ತುದಿಗೆ ಬಂತು. ಲಕ್ಕವ್ವನ ಕಣ್ಣುಗಳನ್ನು ನೋಡಿದಳು. ಹೇಳಬೇಕೆಂದೇ ಬಾಯಿ ತೆರೆದಳು.

“ನನ್ನ ಹಂತೇಕಽ ಇತ್ರಿ,” ಎಂದಳು. “ಯಾರಿಗೂ ಕೊಟ್ಟಿಲ್ಲ.”

ಮಲಕಪ್ಪ ಬಹಳ ಹೊತ್ತು ಅವಳಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಕೈ ಚಾಚಿ ಅವಳ ಬೆರಳ ಕೆಳಗಿನಿಂದ ಮೌಸನ್ನು ಮೆಲ್ಲಗೆ ಎಳೆದುಕೊಂಡರು.

“ಹಂಗಂದ್ರ ಈ ಉತ್ತರಾ ನೀವಽ ಬರದಂಗಾತಲ್ರಿ, ಜಯಶ್ರೀಯವರ.”